ದೊರೆಯ ಹತ್ತರಿ

ಸುದ್ದಿ ತಂದವನು ಮರಿಮಲ್ಲಪ್ಪ. ಹತ್ತರಿ ತಂದವನು ನೂರುಲ್ಲಾ. ಮುಂದೆ ನಡೆದದ್ದಕ್ಕೆಲ್ಲ ಇದೇ ಕಾರಣ ಎಂದು ಮರಿಮಲ್ಲಪ್ಪ ತನಗೆ ತಾನೇ ಎಷ್ಟೋ ಸಲ ಹೇಳಿಕೊಂಡ. ಪ್ರತಿ ಸಲವೂ ಅದು ಅರ್ಧ ಮಾತ್ರ ನಂಬುವಂತಿತ್ತು.

ವೈನಾಡಿನ ಕಾಫಿ ತೋಟದ ದೊರೆಯೊಬ್ಬ ತೋಟ ಮಾರಿ ಇಂಗ್ಲೆಂಡಿಗೆ ಹೊರಟಿದ್ದ. ಬಂಗಲೆಯ ಸಾಮಾನೆಲ್ಲ ಲಾರಿಯಲ್ಲಿ ಗುಂಡ್ಲುಪೇಟೆಗೆ ಬಂದು ಒಂದು ಮರದ ಡಿಪೋದ ಅಂಗಳದಲ್ಲಿ ಬಿದ್ದಿತ್ತು. ಅದರಲ್ಲಿ ಮರ ನಯ ಮಾಡುವ ಒಂದು ಹತ್ತರಿ ಇದೆ, ನಮ್ಮವರ ಹತ್ತರಿಯಂತೆ ಮರದ ಮೈಯದಲ್ಲ, ಎರಕದ ಕಬ್ಬಿಣದ್ದು, ಹಿಡಿ ಬೀಟೆಯದು, ಅಲಗು ಶೆಫೀಲ್ಡ್ ಉಕ್ಕು ಎಂದು ಬಸ್ಸಿನಲ್ಲಿ ಪಕ್ಕದಲ್ಲಿ ಕೂತಿದ್ದ ಮಲಯಾಳಿಯೊಬ್ಬ ಮರಿಮಲ್ಲಪ್ಪನಿಗೆ ಹೇಳಿದ. ಮರಿಮಲ್ಲಪ್ಪ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಆದರೆ ಮಾರನೆಯ ದಿನ ಶುಕ್ರವಾರ.

ಶುಕ್ರವಾರ ಸಂಜೆ ಚಾಮರಾಜನಗರದ ನೂರುಲ್ಲಾನ ಬಡಗಿ ಅಂಗಡಿಯ ಜಗಲಿಯಲ್ಲಿ ನಾಲ್ವರು ಸೇರುತ್ತಿದ್ದರು. ನೂರುಲ್ಲಾ ಒಬ್ಬ. ಅವನ ತಂಗಿ ಅಜೀಜಾಳ ಗಂಡ, ಅದೇ ಅಂಗಡಿಯಲ್ಲಿ ಕೆಲಸಕ್ಕಿದ್ದ ಹಿದಾಯತ್ ಉಲ್ಲಾ ಇನ್ನೊಬ್ಬ. ಹರವೆಯಿಂದ ಗಾಡಿಚಕ್ರ ಮಾಡುವ ಮುದುಕ ಗುರುಮಲ್ಲಯ್ಯ ಬರುತ್ತಿದ್ದ. ಜೊತೆಗೆ ಮರಿಮಲ್ಲಪ್ಪ. ಹೊಸದಾಗಿ ಕೊಂಡ ಅರವೋ ಉಳಿಯೋ ಬೈರಿಗೆಯೋ ಯಾವ ಸಲಕರಣೆಯಿದ್ದರೂ ಅಲ್ಲಿಗೆ ತರಬೇಕು. ಅದು ಕೈಯಿಂದ ಕೈಗೆ ಹೋಗುತ್ತಿತ್ತು. ಒಬ್ಬ ತೂಕ ನೋಡುತ್ತಿದ್ದ, ಒಬ್ಬ ಉಗುರಿನಿಂದ ತಟ್ಟಿ ಸದ್ದು ಕೇಳುತ್ತಿದ್ದ, ಗುರುಮಲ್ಲಯ್ಯ ಮೂಸುತ್ತಿದ್ದ. ಆಮೇಲೆ ಕೊಂಡವನಿಗೆ ಮೋಸವಾಗಿದೆ ಎಂದು ಮೂವರೂ ಸೇರಿ ಸಾಬೀತು ಮಾಡುತ್ತಿದ್ದರು. ಮರಿಮಲ್ಲಪ್ಪ ಆ ಶುಕ್ರವಾರ ಏನೂ ಕೊಂಡಿರಲಿಲ್ಲ. ತೋರಿಸಲು ಏನೂ ಇಲ್ಲದವನ ಅವಸರದಲ್ಲಿ ದೊರೆಯ ಹತ್ತರಿಯ ಸುದ್ದಿ ಹೇಳಿಬಿಟ್ಟ. ಸೋಮವಾರ ಹೋಗಿ ತರುತ್ತೇನೆ ಎಂದೂ ಹೇಳಿದ.

ನೂರುಲ್ಲಾ ಶನಿವಾರವೇ ಹೋಗಿ ತಂದ.

"ಸುದ್ದಿ ನಿಂದು, ಸಾಮಾನು ನಂದು," ಎಂದ ಮುಂದಿನ ಶುಕ್ರವಾರ, ಹತ್ತರಿಗೆ ಸುತ್ತಿದ್ದ ಬಟ್ಟೆ ಬಿಚ್ಚುತ್ತಾ. "ಬಸ್ಸು ಯಾರಿಗೂ ಕಾಯಲ್ಲ ಕಣ್ಲಾ ಮಲ್ಲಪ್ಪ."

"ಮದ್ವೆ ದಿನ ನೀನು ಹೆಂಡ್ತಿ ಮುಸುಕನ್ನೂ ಇಷ್ಟು ನಿಧಾನಕ್ಕೆ ತೆಗೀಲಿಲ್ಲ ಭಾಯ್," ಎಂದ ಹಿದಾಯತ್.

ಗುರುಮಲ್ಲಯ್ಯ ಹತ್ತರಿಯನ್ನು ಮೂಸಿ ನೋಡಿ ಮರಿಮಲ್ಲಪ್ಪನ ಕಡೆ ತಿರುಗಿದ. "ನೇಗಿಲಿಡಿಯೋ ಕೈಗೆ ಇದ್ಯಾಕ್ಲಾ? ಬುಡು ಅತ್ಲಾಗೆ. ಓಗಿ ಉತ್ಕೋ."

ಎಲ್ಲರೂ ನಕ್ಕರು. ಮರಿಮಲ್ಲಪ್ಪನೂ ನಕ್ಕ. ಅವನದು ಹರವೆಯ ಬೇಸಾಯದ ಮನೆ. ಮನೆ ಬಿಟ್ಟು ಬಂದವನನ್ನು ನೂರುಲ್ಲಾನ ತಂದೆ ತನ್ನ ಮಗನ ಪಕ್ಕದಲ್ಲೇ ಕೂರಿಸಿಕೊಂಡು ಕೆಲಸ ಕಲಿಸಿದ್ದರು. ಇಬ್ಬರೂ ಒಂದೇ ಹಲಗೆ ಉಜ್ಜಿ ಬೆಳೆದವರು. ತಂದೆ ಸತ್ತ ಮೇಲೆ ಅಂಗಡಿ ಮಗನಿಗೆ ಹೋಯಿತು. ಅದು ನ್ಯಾಯ. ಹತ್ತರಿಯೂ ಅವನಿಗೇ ಹೋದದ್ದು ಯಾವ ನ್ಯಾಯ?

ಯೋಜನೆ ಸುಲಭವಾಗಿ ಮೂಡಿತು. ಅಷ್ಟು ಸುಲಭವಾದದ್ದಕ್ಕೆ ಅವನಿಗೇ ಸ್ವಲ್ಪ ನಾಚಿಕೆಯಾಯಿತು. ನೂರುಲ್ಲಾನ ಅಂಗಡಿಯ ಹಿಂಗೋಡೆ ಹಲಗೆಯದು. ಅದನ್ನು ನಿಲ್ಲಿಸಿದವರು ಅವನೂ ನೂರುಲ್ಲಾನೂ ಇಬ್ಬರೇ. ಕಬ್ಬಿಣ ಮುಟ್ಟಿಸದೆ ಮರದ ಮೊಳೆಯಲ್ಲೇ ಕೂಡಿಸಿದ ಗೋಡೆ. ಹೊರಗಿನಿಂದ ಎರಡು ಮೊಳೆ ತಳ್ಳಿದರೆ ಮೂಲೆಯ ಹಲಗೆ ಕೈಗೆ ಬರುತ್ತಿತ್ತು. ಮತ್ತೆ ಬಡಿದರೆ ಕೂದಲು ತೂರದ ಹಾಗೆ ಕೂರುತ್ತಿತ್ತು. ಒಳಗೆ ಗೋಡೆಯುದ್ದಕ್ಕೂ ತೇಗದ ಹಲಗೆಗಳ ರಾಶಿ ಒಣಗಲು ಬಿದ್ದಿತ್ತು. ರಾಶಿಯ ಮೇಲಿನ ಗೂಡಿನಲ್ಲಿ, ಬಟ್ಟೆಯಲ್ಲಿ ಸುತ್ತಿದ ಹತ್ತರಿ. ಶುಕ್ರವಾರ ಮಧ್ಯಾಹ್ನ ನಮಾಜಿನ ಹೊತ್ತಿಗೆ ಅಂಗಡಿಗೆ ಬೀಗ. ಹಿಂದೆ ಹಾಳು ಹಿತ್ತಲು.

ಒಂದು ಶುಕ್ರವಾರ ಅವನು ಎಲ್ಲರಿಗೂ ಕಾಣುವಂತೆ ಗುಂಡ್ಲುಪೇಟೆಯ ಬಸ್ಸು ಹತ್ತಿದ. ಊರಾಚೆ ಕೆರೆ ಏರಿಯ ಹತ್ತಿರ ಇಳಿದ. ಹಿತ್ತಲಿನಿಂದ ಬಂದು, ಹಲಗೆ ತೆಗೆದು, ಕೈ ಚಾಚಿ, ಹತ್ತರಿ ತೆಗೆದು, ಮರದ ಹೊಟ್ಟಿನ ಚೀಲದೊಳಗೆ ಇಳಿಸಿದ. ಒಲೆಗೆ ಹೊಟ್ಟು ಹೊತ್ತು ಹೋಗುವ ಬಡಗಿಯನ್ನು ಆ ಊರಿನಲ್ಲಿ ಯಾರೂ ಎರಡನೆಯ ಸಲ ನೋಡುವುದಿಲ್ಲ. ಚೀಲವನ್ನು ಮನೆಯಲ್ಲಿಟ್ಟು ಮತ್ತೆ ಏರಿಯ ಹತ್ತಿರ ಹೋಗಿ ನಿಂತು, ಗುಂಡ್ಲುಪೇಟೆಯಿಂದ ಬರುವ ಬಸ್ಸು ಹತ್ತಿ ಊರಿಗೆ ಬಂದಿಳಿದ. ಇಳಿಯುವುದನ್ನು ಗುರುಮಲ್ಲಯ್ಯನೇ ನೋಡಿದ. ಸಂಜೆ ಜಗಲಿಯಲ್ಲಿ ಮರಿಮಲ್ಲಪ್ಪ ಒಂದು ಹೊಸ ಅರ ತೆಗೆದು ಮುಂದಿಟ್ಟ. "ಗುಂಡ್ಲುಪೇಟೆಲಿ ತಕ್ಕೊಂಡೆ, ಈಗ ತಾನೇ." ಅದನ್ನು ಕೊಂಡು ಕೆಲವು ದಿನವಾಗಿತ್ತು, ಇದಕ್ಕೆಂದೇ ಯಾರಿಗೂ ತೋರಿಸದೆ ಇಟ್ಟುಕೊಂಡಿದ್ದ. ಅರ ಕೈಯಿಂದ ಕೈಗೆ ಹೋಯಿತು. ಅವನಿಗೆ ಮೋಸವಾಗಿದೆ ಎಂದು ಮೂವರೂ ಒಪ್ಪಿದರು. ಸಾಕ್ಷಿ ಇದಕ್ಕಿಂತ ಚೆನ್ನಾಗಿ ಸಿಗುವುದಿಲ್ಲ ಎಂದು ಅವನಿಗೆ ಅನ್ನಿಸಿತು.

ಆಗ ನೂರುಲ್ಲಾ ಗೂಡಿಗೆ ಕೈ ಹಾಕಿದ. ಖಾಲಿ.

ಬೀಗ ಸರಿಯಾಗಿತ್ತು. ಗೋಡೆ ಸರಿಯಾಗಿತ್ತು. ಬೀಗದ ಕೈ ಹಿದಾಯತ್‌ನ ಹತ್ತಿರ ಇತ್ತು. ಅಷ್ಟೇ ಆಗಿದ್ದರೆ ಮಾತು ಅಲ್ಲಿಗೇ ನಿಲ್ಲುತ್ತಿತ್ತೇನೋ. ಆದರೆ ಹಿದಾಯತ್ ಆ ಮಧ್ಯಾಹ್ನ ಟೋಪಿ ಮರೆತು ಮಸೀದಿಯ ಅರ್ಧ ದಾರಿಯಿಂದ ಹಿಂದಿರುಗಿದ್ದ. ಒಬ್ಬನೇ ಬೀಗ ತೆಗೆದಿದ್ದ. ನಮಾಜಿಗೆ ತಡವಾಗಿ ಸೇರಿದ್ದ. ಇದು ಮರಿಮಲ್ಲಪ್ಪನ ಯೋಜನೆಯಲ್ಲಿ ಇರಲಿಲ್ಲ.

"ದಿನಾ ಕೇಳ್ತಿದ್ದೆಯಲ್ಲ, ಒಂದ್ಸಲ ಕೊಡು ಭಾಯ್, ಒಂದ್ಸಲ ಕೊಡು ಅಂತ," ಎಂದ ನೂರುಲ್ಲಾ. ಅವನ ದನಿ ಏರಿರಲಿಲ್ಲ. "ತಂದಿಟ್ಬುಡು. ಯಾರೂ ಏನೂ ಅನ್ನಲ್ಲ."

"ಖುದಾನ ಆಣೆ, ನಾನು ಟೋಪಿ ಮಾತ್ರ ತಕ್ಕೊಂಡೆ."

"ಆಣೆ ಇಡಬೇಡ. ಹತ್ತರಿ ಇಡು."

ಅಂಗಡಿಯಲ್ಲಿ ಯಾರೂ ಹುಡುಕಲಿಲ್ಲ. ಬೈಯಲು ಒಬ್ಬ ಸಿಕ್ಕ ಮೇಲೆ ಹುಡುಕುವ ತಾಪತ್ರಯ ಯಾರಿಗೂ ಬೇಕಿರಲಿಲ್ಲ. ಗೋಡೆಯ ಗುಟ್ಟು ನೂರುಲ್ಲಾನಿಗೆ ಹೊಳೆಯಲಿಲ್ಲ. ಹಿಂಗೋಡೆಯನ್ನು ಒಂದು ಸಲ ನೋಡೋಣ ಎಂದು ಹೇಳಬಹುದಾಗಿದ್ದವನು ಮರಿಮಲ್ಲಪ್ಪ ಒಬ್ಬನೇ. ಅವನು ಅರವನ್ನು ಕಾಗದದಲ್ಲಿ ಸುತ್ತುತ್ತಾ ಕೂತಿದ್ದ. ಹಿದಾಯತ್ ಎದ್ದು, ಬೀಗದ ಕೈಯನ್ನು ಜಗಲಿಯ ಮೇಲಿಟ್ಟು, ಗುಂಡ್ಲುಪೇಟೆಯ ಡಿಪೋದಲ್ಲಿ ಕೂಲಿಗೆ ಹೋದ. ಅಜೀಜಾಳನ್ನು ಕರೆದೊಯ್ಯಲು ಅಲ್ಲಿ ಅವನಿಗೆ ಮನೆ ಇರಲಿಲ್ಲ. ಅವಳು ಅಣ್ಣನ ಮನೆಯಲ್ಲೇ ಉಳಿದಳು.

ಮರಿಮಲ್ಲಪ್ಪ ಹತ್ತರಿಯನ್ನು ಒಂದೇ ದಿನ ಬಳಸಿದ. ಮನೆಯ ಬಾಗಿಲು ಹಾಕಿಕೊಂಡು, ಒಂದು ಹೊನ್ನೆ ಹಲಗೆಯ ಮೇಲೆ. ಎದ್ದ ಸುರುಳಿ ಎಷ್ಟು ತೆಳ್ಳಗಿತ್ತೆಂದರೆ ಅದರ ಮೂಲಕ ಕಿಟಕಿ ಕಾಣುತ್ತಿತ್ತು. ಅವನು ಅದನ್ನು ಬೆಳಕಿಗೆ ಹಿಡಿದು, ಅಭ್ಯಾಸದಂತೆ ಪಕ್ಕಕ್ಕೆ ತಿರುಗಿದ. ಪಕ್ಕದಲ್ಲಿ ಯಾರೂ ಇರಲಿಲ್ಲ. ಯಾರಿಗೂ ತೋರಿಸಲಾಗದ ಸಾಮಾನು ಸಾಮಾನೇ ಅಲ್ಲ ಎಂದು ಆಗ ಹೊಳೆಯಿತು. ಹತ್ತರಿ ಮತ್ತೆ ಹೊಟ್ಟಿನ ಚೀಲಕ್ಕೆ ಹೋಯಿತು. ಆ ಹೊಟ್ಟನ್ನು ಒಲೆಗೆ ಹಾಕಲು ಅವನು ಬಿಡಲಿಲ್ಲ. ಹೆಂಡತಿ ಮಲ್ಲಮ್ಮ ಬೈದಳು.

ಶುಕ್ರವಾರಗಳು ನಿಲ್ಲಲಿಲ್ಲ, ಆದರೆ ಯಾರೂ ಏನೂ ಕೊಳ್ಳುತ್ತಿರಲಿಲ್ಲ. ಗುರುಮಲ್ಲಯ್ಯ ಬಂದು ಮಳೆಯ ಮಾತಾಡಿ ಹೋಗುತ್ತಿದ್ದ. ಒಂದು ದಿನ ಮರಿಮಲ್ಲಪ್ಪ ಹೊರಟಾಗ ಅಂಗಡಿ ಪಕ್ಕದ ಮನೆಯ ಬಾಗಿಲ ಪರದೆಯ ಹಿಂದಿನಿಂದ ಅಜೀಜಾ ಕರೆದಳು.

"ಮಲ್ಲಪ್ಪಣ್ಣ, ಗುಂಡ್ಲುಪೇಟೆ ಕಡೆ ಹೋಗ್ತೀರಾ?"

"ಹೋಗ್ತಿರ್ತೀನಿ ಕಣಮ್ಮಿ."

"ಅವರು ಅಲ್ಲಿ ಮರದ ರಾಶಿ ಮೇಲೇ ಮಲಗ್ತಾರಂತೆ. ಈ ಹೊದಿಕೆ ಕೊಟ್ಬುಡಿ." ಪರದೆಯ ಕೆಳಗಿನಿಂದ ಒಂದು ಮಡಿಸಿದ ಹೊದಿಕೆ ಬಂತು. "ಅಣ್ಣ ನನ್ನ ಮಾತು ಕೇಳಲ್ಲ. ಅವರು ಕದ್ದಿಲ್ಲ ಅಂತ ನಿಮಗಾದ್ರೂ ಗೊತ್ತಲ್ವಾ?"

"ಗೊತ್ತು," ಎಂದ ಮರಿಮಲ್ಲಪ್ಪ.

ಆ ಒಂದು ವಿಷಯದಲ್ಲಿ ಅವನು ಯಾರಿಗಾದರೂ ಹೇಳಿದ ಏಕೈಕ ನಿಜ ಅದು. ಅವಳು ಅದಕ್ಕಾಗಿ ಅವನಿಗೆ ಒಳ್ಳೆಯದಾಗಲಿ ಎಂದು ಹರಸಿದಳು. ಆ ರಾತ್ರಿ ಅವನಿಗೆ ಅನ್ನ ಸೇರಲಿಲ್ಲ.

ಕದಿಯುವುದಕ್ಕಿಂತ ಹಿಂದಿರುಗಿಸುವುದು ಕಷ್ಟ. ಜಗಲಿಯಲ್ಲಿ ಇಟ್ಟು ಹೋದರೆ ಹಿದಾಯತ್ ಹೆದರಿ ತಂದಿಟ್ಟ ಎನ್ನುತ್ತಾರೆ. ಇನ್ನೆಲ್ಲಿ ಇಟ್ಟರೂ ಕಳ್ಳ ಒಬ್ಬ ಇದ್ದೇ ಇರುತ್ತಾನೆ. ಹಾಗಾಗಬಾರದು. ಕಳ್ಳತನವೇ ನಡೆದಿರಬಾರದು. ಹತ್ತರಿ ಗೂಡಿನಿಂದ ಜಾರಿ ತೇಗದ ರಾಶಿಯ ಹಿಂದೆ ಬಿದ್ದಿತ್ತು, ಅಲ್ಲೇ ಇಷ್ಟು ದಿನ ಇತ್ತು ಎಂದಾಗಬೇಕು. ರಾಶಿಯನ್ನು ಅಂದಿನಿಂದ ಯಾರೂ ಕದಲಿಸಿಲ್ಲ. ಅದು ಎಲ್ಲರ ಕಣ್ಣೆದುರು ಸಿಗಬೇಕು, ಸಿಕ್ಕವನು ತಾನಾಗಬಾರದು.

ಅವನು ಈ ಸಲ ಹೆಚ್ಚು ಎಚ್ಚರ ವಹಿಸಿದ. ಕಬ್ಬಿಣದ ಮೈಗೆ ಒದ್ದೆ ಬಟ್ಟೆ ಸುತ್ತಿಟ್ಟು ತುಕ್ಕಿನ ಚುಕ್ಕೆ ಬರಿಸಿದ. ಬೀಟೆಯ ಹಿಡಿಗೆ ಜೇಡರ ಬಲೆ ಅಂಟಿಸಿದ. ಮುಂದಿನ ಶುಕ್ರವಾರ ನಮಾಜಿನ ಹೊತ್ತಿನಲ್ಲಿ ಮತ್ತೆ ಅದೇ ಹಲಗೆ ತೆಗೆದು, ಹತ್ತರಿಯನ್ನು ಅದರ ಬಟ್ಟೆಯ ಸಮೇತ ರಾಶಿಯ ಹಿಂದಿನ ಸಂದಿಗೆ ಇಳಿಬಿಟ್ಟು, ಮೇಲೆ ಹಳೆಯ ಧೂಳು ಉದುರಿಸಿದ. ಮೊಳೆ ಬಡಿದು ಹೊರಡುವಾಗ ಎರಡು ಸಲ ತಿರುಗಿ ನೋಡಿದ. ಕದ್ದ ದಿನ ಹಾಗೆ ನೋಡಿರಲಿಲ್ಲ.

ಸಂಜೆ ಅವನೇ ಮಾತು ತೆಗೆದ. "ಆ ತೇಗ ಹಂಗೇ ಬಿದ್ದದಲ್ಲ ನೂರಣ್ಣ. ತಿರುವಿ ಹಾಕದಿದ್ರೆ ಗೆದ್ದಲು ಹತ್ತಲ್ವಾ?"

"ಇಬ್ಬರ ಕೈಲಿ ಆಗೋ ಕೆಲಸವಾ ಅದು?"

"ಮೂವರಿದ್ದೀವಲ್ಲ. ಎತ್ತಿ ಹಾಕ್ಬುಡನ."

"ನನ್ನನ್ನ ಲೆಕ್ಕಕ್ಕೆ ತಕ್ಕೋಬೇಡಿ," ಎಂದ ಗುರುಮಲ್ಲಯ್ಯ. "ನಾನು ಬಯ್ಯಾಕೆ ಮಾತ್ರ ಬತ್ತೀನಿ." ಆದರೂ ಎದ್ದ. ಮರಿಮಲ್ಲಪ್ಪ ಅವನನ್ನು ಗೋಡೆಯ ಕಡೆಗೆ ನಿಲ್ಲಿಸಿ, ತಾನು ಇನ್ನೊಂದು ತುದಿ ಹಿಡಿದ. ರಾಶಿ ಅರ್ಧ ಇಳಿದಾಗ ಮುದುಕ ಬಗ್ಗಿದ.

"ಥೂ ನಿಮ್ಮ! ಇಲ್ಲೇ ಬಿದ್ದದಲ್ರೋ! ಗೂಡಿಂದ ಜಾರ್ಬುಟ್ಟದೆ!"

ನೂರುಲ್ಲಾ ಕೈಯಲ್ಲಿದ್ದ ಹಲಗೆಯ ಮೇಲೇ ಕುಸಿದು ಕೂತು ಮುಖ ಮುಚ್ಚಿಕೊಂಡ. "ಅವನಿಗೆ ಯಾವ ಮುಖ ತೋರಿಸ್ಲಿ ಮಲ್ಲಪ್ಪ?" ಎಂದ. "ನಾಳೆ ಮೊದಲ ಬಸ್ಸಿಗೆ ಹೋಗ್ತೀನಿ. ಕಾಲು ಹಿಡಿದು ಕರ್ಕೊಂಡು ಬರ್ತೀನಿ." ಗುರುಮಲ್ಲಯ್ಯ ಸುದ್ದಿ ಹೇಳಲು ಮನೆಯ ಕಡೆ ಓಡಿದ. ಒಳಗೆ ಅಜೀಜಾ ಅತ್ತಳೋ ನಕ್ಕಳೋ ತಿಳಿಯದ ಒಂದು ಸದ್ದು ಕೇಳಿಸಿತು. ಮರಿಮಲ್ಲಪ್ಪನಿಗೆ ಎಷ್ಟೋ ದಿನಗಳ ಮೇಲೆ ಹಸಿವಾಯಿತು. ಎಲ್ಲ ಸರಿಹೋಗಿತ್ತು. ಕಳ್ಳತನ ನಡೆದೇ ಇರಲಿಲ್ಲ. ನೂರುಲ್ಲಾ ಕಣ್ಣೊರೆಸಿಕೊಂಡು, ಬಿದ್ದ ಏಟಿಗೆ ಏನಾದರೂ ಆಗಿದೆಯೇ ನೋಡಲು ಒಂದು ತೇಗದ ತುಂಡನ್ನು ಮುಂದಿಟ್ಟುಕೊಂಡು ಹತ್ತರಿ ತಳ್ಳಿದ. ತೆಳ್ಳನೆಯ ಸುರುಳಿ ಎದ್ದು ಅವನ ಮಣಿಕಟ್ಟಿಗೆ ಸುತ್ತಿಕೊಂಡಿತು. ಇನ್ನೊಂದು ಸಲ ತಳ್ಳಿದ. ನಯವಾದ ತೇಗದ ಮೇಲೆ ಬೆರಳಾಡಿಸಿದ. ಆಮೇಲೆ, ಅವಸರವಿಲ್ಲದೆ, ಅಲಗನ್ನು ಬಿಚ್ಚಿದ.

"ಕಳೆಯೋ ಹಿಂದಿನ ದಿನ ಒಂದು ಹಳೇ ಬಾಗಿಲು ಉಜ್ಜುವಾಗ ಒಳಗಿದ್ದ ಮೊಳೆಗೆ ತಗುಲಿ ಇದರ ಬಾಯಿ ಮುಕ್ಕಾಗಿತ್ತು," ಎಂದ ನೂರುಲ್ಲಾ ಮೆಲ್ಲಗೆ. "ನೀವೆಲ್ಲ ನಗ್ತೀರಿ ಅಂತ ಯಾರಿಗೂ ಹೇಳಲಿಲ್ಲ. ಹಾಗೇ ಬಟ್ಟೆ ಸುತ್ತಿ ಇಟ್ಟಿದ್ದೆ." ಈಗ ಅಲಗಿನಲ್ಲಿ ಮುಕ್ಕು ಇರಲಿಲ್ಲ. ಬಾಯಿ ಕನ್ನಡಿಯಂತಿತ್ತು. ಅದರ ಎರಡು ಮೂಲೆಗಳನ್ನು, ಮರದ ಮೇಲೆ ಗೆರೆ ಬೀಳದ ಹಾಗೆ, ಒಂದು ಎಳ್ಳಿನಷ್ಟು ದುಂಡಗೆ ಮಸೆಯಲಾಗಿತ್ತು. ಮರಿಮಲ್ಲಪ್ಪನಿಗೆ ಆಗ ನೆನಪಾಯಿತು. ಬಾಗಿಲು ಹಾಕಿಕೊಂಡಿದ್ದ ಆ ದಿನ ಹೊನ್ನೆ ಹಲಗೆಯ ಮೇಲೆ ಮೊದಲು ಒಂದು ಗೀರು ಬಿದ್ದಿತ್ತು. ಅವನು ಏನನ್ನೂ ಯೋಚಿಸದೆ ಅಲಗು ಬಿಚ್ಚಿ ಮಸೆಗಲ್ಲಿನ ಮೇಲೆ ಇಟ್ಟಿದ್ದ. ಅದು ಯೋಜನೆಯಲ್ಲಿ ಇರಲಿಲ್ಲ, ಕೈಯಲ್ಲಿ ಇತ್ತು. "ಯಾರ ಸಾಮಾನು ಮುಟ್ಟಿದ್ರೂ ಮೊಂಡಾಗಿ ವಾಪಸ್ ಕೊಡಬೇಡ್ರೋ ಅಂತ ನಮ್ಮ ಅಬ್ಬಾ ಹೇಳ್ತಿದ್ರು," ಎಂದು ನೂರುಲ್ಲಾ ಅಲಗನ್ನು ಅವನ ಅಂಗೈಯಲ್ಲಿಟ್ಟ. "ಮೂಲೆ ಹೀಗೆ ಮಸೆಯೋದನ್ನ ಅವರು ಕಲಿಸಿದ್ದು ಇಬ್ಬರಿಗೆ ಮಾತ್ರ. ನಾನು ಮಸೆದಿಲ್ಲ ಮಲ್ಲಪ್ಪ."