ಗದ್ದೆಯ ಕೆಸರಿನಲ್ಲಿ ಸಿಕ್ಕ ಹೆಸರು

"ಒರೆಸಬೇಡಿ!"

ಗುಂಡಿಯ ಅಂಚಿನಿಂದ ಬಂದ ಕೂಗಿಗೆ ಮಿಸಾವೊ ಬೆಚ್ಚಿಬಿದ್ದಳು. ಆದರೆ ಕೆಸರಿನಿಂದ ಎತ್ತಿದ ಗೇಣುದ್ದದ ಮರದ ಪಟ್ಟಿಯನ್ನು ಅವಳ ಟವೆಲ್ಲು ಆಗಲೇ ಒರೆಸಿಯಾಗಿತ್ತು.

ಊರವರು ಮೇಷ್ಟ್ರು ಎಂದೇ ಕರೆಯುವ ಪುರಾತತ್ವ ಅಗೆತದ ಮೇಲ್ವಿಚಾರಕ ಕುನಿಹಿಕೊ ದಡದಡನೆ ಇಳಿದು ಬಂದ. ಪಟ್ಟಿಯನ್ನು ಕಸಿದು ನೀರಿನ ತಟ್ಟೆಯಲ್ಲಿ ಮುಳುಗಿಸಿದ.

"ಸಾವಿರದ ಮುನ್ನೂರು ವರ್ಷ ಹಸಿಮಣ್ಣಲ್ಲಿ ಉಳಿದಿತ್ತು. ಇದರ ಮೇಲೆ ಮಸಿ ಅಕ್ಷರ ಇತ್ತು... ಇತ್ತು!"

ಮಿಸಾವೊ ತೋಳಿನಿಂದ ಕಣ್ಣೊರೆಸಿಕೊಂಡಳು.

ಅಸುಕಾ ಎಂಬ ಊರಿನ ಆ ಗದ್ದೆ ಅವಳ ಅಪ್ಪನದು. ಹೋದ ಕೊಯ್ಲಿನ ಹೊತ್ತಿಗೆ ಅಪ್ಪ ತೀರಿಕೊಂಡಿದ್ದ. ಕೆಳಗೆ ಹಳೆಯ ಅರಮನೆಯ ಕಾಲುವೆ ಇದೆಯೆಂದು ತಿಳಿದಾಗ, ಬೇಸಾಯವಿಲ್ಲದ ತಿಂಗಳುಗಳಲ್ಲಿ ಅಗೆಯಲು ಅಮ್ಮ ಒಪ್ಪಿದ್ದಳು. ಊರ ಹೆಂಗಸರೊಂದಿಗೆ ಮಿಸಾವೊ ಕೂಡ ಒಂದು ವಾರದಿಂದ ಕೆಲಸಕ್ಕೆ ಬರುತ್ತಿದ್ದಳು.

ಪ್ರತಿ ಬೆಳಗ್ಗೆ ಅವಳು ಮನೆಯ ಬುದ್ಧನ ಪೀಠದಲ್ಲಿ ಅಪ್ಪನ ಹೆಸರಿನ ಮರದ ಫಲಕವನ್ನು ಒರೆಸಿ, ಅನ್ನವಿಟ್ಟು ಕೈಮುಗಿಯುತ್ತಾಳೆ. ಈ ಪಟ್ಟಿ ಕಂಡಾಗಲೂ ಕೈ ತಾನಾಗಿ ಹೋಗಿತ್ತು. 'ಯಾರದೋ ಹೆಸರು ಕೆಸರಲ್ಲಿ ಬಿದ್ದಿರಬಾರದು...'

"ಅಳಬೇಡ ಕಣೇ," ಎಂದಳು ಪಕ್ಕದಲ್ಲಿ ಅಗೆಯುತ್ತಿದ್ದ ಮುದುಕಿ ಕಿಕುಯೊ. "ಆ ಮೇಷ್ಟ್ರಿಗೆ ಹೆಂಡತಿ ಯಾಕೆ? ಒಂದು ಒದ್ದೆ ಕಟ್ಟಿಗೆ ಕೊಟ್ಟರೆ ಸಂಸಾರ ಮಾಡ್ತಾನೆ!"

ಎಲ್ಲರೂ ನಕ್ಕರು. ಮಿಸಾವೊಗೆ ನಗು ಬರಲಿಲ್ಲ.

ಮೂರು ದಿನ ಕುನಿಹಿಕೊ ಅವಳತ್ತ ತಿರುಗಿಯೂ ನೋಡಲಿಲ್ಲ. 'ನನ್ನ ಮುಖ ಕಂಡರೇ ಬೇಸರವೇನೋ... ಹೋಗಿಬಿಡುವುದೇ ಮೇಲು.'

ನಾಲ್ಕನೆಯ ದಿನ ಊಟದ ಹೊತ್ತಿಗೆ ಅವಳು ಅವನ ಶೆಡ್ಡಿನ ಬಾಗಿಲು ತಟ್ಟಿದಳು.

"ಮೇಷ್ಟ್ರೇ, ನಾಳೆಯಿಂದ ನಾನು ಬರೋದಿಲ್ಲ. ಗದ್ದೆ ನಮ್ಮದೇ ಇರಬಹುದು... ಆದರೆ ಸತ್ತವರ ಹೆಸರು ಅಳಿಸಿದ ಕೈ ಇದು."

"ಅಳಿಸಿಲ್ಲ. ಬನ್ನಿ, ನೋಡಿ."

ಮೇಜಿನ ಮೇಲೊಂದು ಛಾಯಾಚಿತ್ರವಿತ್ತು. ಕಣ್ಣಿಗೆ ಕಾಣದ ಮಸಿಯನ್ನೂ ಹಿಡಿಯುವ ಕ್ಯಾಮೆರಾದಲ್ಲಿ ತೆಗೆದದ್ದು. ಮರದೊಳಗೆ ಇಳಿದಿದ್ದ ಅಕ್ಷರಗಳು ಕಪ್ಪಗೆ ಎದ್ದು ಕಾಣುತ್ತಿದ್ದವು. ಅದು ಅರಮನೆಗೆ ಬಂದ ಅಕ್ಕಿ ಮೂಟೆಯ ಚೀಟಿ. ಕಳಿಸಿದ ರೈತನ ಹೆಸರು ಪೂರ್ತಿ ಉಳಿದಿತ್ತು.

ಮಿಸಾವೊ ಕೈಮುಗಿದಳು. ತುಂಬಿದ ಕಣ್ಣಿನಲ್ಲೇ ಕೇಳಿದಳು.

"ಮತ್ತೆ... ಮೂರು ದಿನ ಯಾಕೆ ಮಾತಾಡಲಿಲ್ಲ?"

"ನಾಚಿಕೆ. ಮರ ಸಿಕ್ಕರೆ ಒರೆಸಬಾರದು ಅಂತ ಹೊಸಬರಿಗೆ ಮೊದಲ ದಿನವೇ ಹೇಳಬೇಕು. ಎಲ್ಲರಿಗೂ ಹೇಳಿದೆ. ನಿಮ್ಮ ಹತ್ತಿರ ಬಂದಾಗ ಮರೆತೆ."

"ನನಗೊಬ್ಬಳಿಗೇ?"

"ನೀವು ತಲೆಯೆತ್ತಿ ನೋಡಿದ್ರಿ. ಏನು ಹೇಳೋಕೆ ಬಂದೆ ಅನ್ನೋದೇ ಹೋಯ್ತು! ತಪ್ಪು ನನ್ನದು ಅಂತ ದಿನಚರಿಯಲ್ಲಿ ಬರೆದಿದ್ದೀನಿ. ಕಾರಣ ಮಾತ್ರ ಬರೆಯೋಕಾಗಲಿಲ್ಲ."

ಅವಳ ಕಿವಿ ಕೆಂಪಾಯಿತು. ಹೊರಗೆ ಕಿಕುಯೊ ಯಾರನ್ನೋ ಬೈಯುತ್ತಿದ್ದಳು. ಇಬ್ಬರಿಗೂ ಕೇಳಿಸಲಿಲ್ಲ.

"ಮುಂದಿನ ತಿಂಗಳು ಗುಂಡಿ ಮುಚ್ಚಿ ಗದ್ದೆ ವಾಪಸ್ ಕೊಡ್ತೀವಿ," ಎಂದ ಅವನು ಮೆಲ್ಲಗೆ. "ಆಮೇಲೆ ಈ ಊರಿಗೆ ಬರೋಕೆ ನನಗೆ ನೆಪವೇ ಇರಲ್ಲ."

"ನಾಟಿಗೆ ನಮ್ಮಲ್ಲಿ ಆಳು ಸಾಲದು."

"ನನಗೆ ನಾಟಿ ಬರಲ್ಲ, ಮಿಸಾವೊ ಅವರೇ."

"ಸೊಟ್ಟ ನೆಟ್ಟರೂ ಪೈರು ಬೆಳೆಯುತ್ತೆ."

"ಕೊಯ್ಲಿಗೆ?"

"ಕೊಯ್ಲಿಗೆ ಅಂತ ಬಂದು ಹೋಗ್ತೀರೋ... ಇಲ್ಲೇ ಇರ್ತೀರೋ... ಅದನ್ನ ನೀವೇ ಹೇಳಬೇಕು, ಕುನಿಹಿಕೊ."

ಮೊದಲ ಸಲ ತನ್ನ ಹೆಸರು ಅವಳ ಬಾಯಲ್ಲಿ ಕೇಳಿದವನು ಅವಳತ್ತ ಒಂದು ಹೆಜ್ಜೆ ಇಟ್ಟ.

"ಇರ್ತೀನಿ," ಎಂದ.