ಮೇಜಿನ ಕೆಳಗಿನ ಸದ್ದು

ಬಂದವಳು ನಮಸ್ಕಾರ ಹೇಳಲಿಲ್ಲ, ಕೂರಲೂ ಇಲ್ಲ. ಹಾಲ್‌ನ ನಟ್ಟನಡುವೆ ನಿಂತು ಒಂದೇ ಒಂದು ಚಪ್ಪಾಳೆ ತಟ್ಟಿ, ತಲೆ ವಾರೆ ಮಾಡಿ ಕೇಳಿಸಿಕೊಂಡಳು. ಮುಖ ಸಿಂಡರಿಸಿದಳು. ಊಟದ ಮೇಜಿನ ಬಳಿ ಹೋಗಿ ಇನ್ನೊಂದು ತಟ್ಟಿದಳು.

ಅಡುಗೆಮನೆಯಿಂದ ಅಕ್ಕ ಇಣುಕಿ, "ಸೊಳ್ಳೆನಾ?" ಎಂದಳು.

"ಅಲ್ಲ, ಎಕೋ. ಈ ಮನೇಲಿ ಒಂದು ಮಾತು ಆಡಿದ್ರೆ ಎರಡು ಕೇಳಿಸುತ್ತೆ."

"ನನ್ನ ತಮ್ಮ ಆಡೋದೇ ದಿನಕ್ಕೆ ಒಂದು ಮಾತು. ಎರಡು ಕೇಳಿಸಿದ್ರೆ ನಮಗೇ ಲಾಭ."

ತಮ್ಮ ಬಾಗಿಲ ಬಳಿಯೇ ನಿಂತಿದ್ದ. ನಗಬೇಕೋ ಬೇಡವೋ ಎಂದು ಅವನು ಯೋಚಿಸುವಷ್ಟರಲ್ಲಿ ಅವಳು ಪಕ್ಕದಿಂದಲೇ ಹಾದು, ಹೇಳದೆ ಕೇಳದೆ ಅವನ ಕೋಣೆಯೊಳಕ್ಕೆ ಹೋಗಿ ಅಲ್ಲೂ ಚಪ್ಪಾಳೆ ತಟ್ಟಿದಳು.

ಅವನದು ಪೋಕರ್ ಕಲಿಸುವ ಕೆಲಸ. ಆನ್‌ಲೈನ್‌ನಲ್ಲಿ ಆಡುವವರಿಗೆ ವಿಡಿಯೋ ಪಾಠ. ಪರದೆಯ ಮೇಲೆ ಹಸಿರು ಮೇಜೂ ಇಸ್ಪೀಟೆಲೆಗಳೂ ಕಾಣುತ್ತವೆ, ಹಿಂದೆ ಅವನ ದನಿ ಕೇಳುತ್ತದೆ, ಮುಖ ಮಾತ್ರ ಎಲ್ಲೂ ಇಲ್ಲ. ಶಿಷ್ಯರೆಲ್ಲ ಅವನನ್ನು ಮೇಷ್ಟ್ರು ಎನ್ನುತ್ತಿದ್ದರು. ಎದುರಾಳಿಯ ಮನಸ್ಸನ್ನು ಮೇಷ್ಟ್ರಷ್ಟು ಚೆನ್ನಾಗಿ ಓದುವವರಿಲ್ಲ ಎಂದು ಹೊಗಳಿ, ಅದರ ಬೆನ್ನಿಗೇ "ಮೇಷ್ಟ್ರೇ, ಬಾವಿಯೊಳಗೆ ಕೂತು ಪಾಠ ಮಾಡ್ತಿದ್ದೀರಾ?" ಎಂದೂ ಕೇಳುತ್ತಿದ್ದರು. ದೂರು ಹೆಚ್ಚಾದಾಗ, ಪಾಠಗಳನ್ನು ಹೊರತರುವ ಕಂಪನಿಯವರು ಒಂದು ಸ್ಟುಡಿಯೋಗೆ ಹೇಳಿ ಈ ಸೌಂಡ್ ಇಂಜಿನಿಯರನ್ನು ಕಳಿಸಿದ್ದರು. ಹೊಸ ಪಾಠಮಾಲೆ ಮುಗಿಯುವವರೆಗೆ ಅವಳು ದಿನಾ ಬರಬೇಕು. ಮುಗಿದ ಮೇಲೆ ಅವಳ ದಾರಿ ಅವಳಿಗೆ.

ಮಧ್ಯಾಹ್ನದೊಳಗೆ ಕೋಣೆಯ ಗುರುತೇ ಸಿಗದಂತಾಯಿತು. ಬಟ್ಟೆಯ ಬೀರು ಬಾಗಿಲು ತೆರೆದುಕೊಂಡು ನಿಂತಿತು. ಗೋಡೆಗೆ ಅಕ್ಕನ ದಪ್ಪ ರಜಾಯಿ, ಗಾಜಿನ ಕಿಟಕಿಗೆ ಕಂಬಳಿ, ನೆಲಕ್ಕೆ ಹಾಲ್‌ನ ಜಮಖಾನ. ಫ್ಯಾನ್ ಬಂದ್. ಬರಿಗೋಡೆ ಸದ್ದನ್ನು ವಾಪಸ್ ಎಸೆಯುತ್ತದೆ, ಬಟ್ಟೆ ಹೀರಿಕೊಳ್ಳುತ್ತದೆ ಎಂದು ಅವಳು ಅಕ್ಕನಿಗೆ ವಿವರಿಸುತ್ತಿದ್ದಳು. ಅಕ್ಕ ತನ್ನ ರಜಾಯಿಯನ್ನೇ ನೋಡುತ್ತಿದ್ದಳು.

ಮೈಕ್ ಎಷ್ಟು ದೂರ ಇರಬೇಕೆಂದು ಅಳೆಯಲು ಅವಳು ಟೇಪ್ ತೆಗೆಯಲಿಲ್ಲ. ಕೈಯನ್ನೇ ಚಾಚಿ ಗೇಣು ಹಾಕಿದಳು. ಕಿರುಬೆರಳು ಮೈಕಿನ ಮೇಲೆ, ಹೆಬ್ಬೆರಳು ಅವನ ತುಟಿಯಿಂದ ಕೂದಲೆಳೆಯಷ್ಟು ಈಚೆಗೆ. ಅವಳ ಕಣ್ಣು ಕೆಲಸದ ಮೇಲಿತ್ತು. ಅವನ ಕಣ್ಣು ಎಲ್ಲಿ ನಿಲ್ಲಬೇಕೋ ತಿಳಿಯದೆ ಅವಳ ಕಿವಿಯ ಹಿಂದೆ ಸಿಕ್ಕಿಸಿದ್ದ ಪೆನ್ಸಿಲಿನ ಮೇಲೆ ಹೋಗಿ ಕೂತಿತು.

"ಸ್ವಲ್ಪ ವಾರೆಯಾಗಿ ಮಾತಾಡಿ. ನೇರ ಮಾತಾಡಿದ್ರೆ ಪ, ಬ ಎಲ್ಲ ಗುದ್ದಿದ ಹಾಗೆ ಬರುತ್ತೆ. ಹೂಂ, ಈಗ ಉಸಿರು ಬಿಡಿ."

"ಬಿಡ್ತಾನೇ ಇದ್ದೀನಲ್ಲ."

ಅವಳು ಹೆಡ್‌ಫೋನನ್ನು ಕಿವಿಗೆ ಒತ್ತಿಕೊಂಡಳು. "ಇಲ್ಲ ಮೇಷ್ಟ್ರೇ. ಬಿಟ್ಟಿಲ್ಲ. ನಾನು ಕೇಳಿಸ್ಕೊಳ್ತಿದ್ದೀನಿ."

ಆ ದಿನದಿಂದ ಅವನ ನೆಮ್ಮದಿ ಕೆಟ್ಟಿತು.

ಸದ್ದು ಶುದ್ಧವಾಯಿತು, ಆದರೆ ದನಿಗೆ ಜೀವ ಬರಲಿಲ್ಲ. ಮನಸ್ಸಿನಲ್ಲಿರುವುದನ್ನು ಹೊರಗೆ ಬಿಡದಿರುವುದೇ ಅವನ ಕಸುಬಾಗಿತ್ತು, ವರ್ಷಗಟ್ಟಲೆ ಮಾಡಿ ಮಾಡಿ ಅದು ಗಂಟಲಿಗೂ ಇಳಿದಿತ್ತು. ಅವಳು ಎರಡು ದಿನ ತಡೆದುಕೊಂಡಳು. ಮೂರನೆಯ ದಿನ ರೆಕಾರ್ಡಿಂಗ್ ನಿಲ್ಲಿಸಿ, ಕುರ್ಚಿ ಎಳೆದುಕೊಂಡು ಅವನ ಎದುರಿಗೇ ಕೂತಳು.

"ಗಾಡಿ ತಡವಾಗಿ ಬರ್ತಿದೆ ಅಂತ ಸ್ಟೇಷನ್‌ನಲ್ಲಿ ಹೇಳ್ತಾರಲ್ಲ, ಹಾಗಿದೆ ನಿಮ್ಮ ಪಾಠ. ಮೈಕಿಗೆ ಹೇಳ್ಬೇಡಿ, ನಂಗೆ ಹೇಳಿ. ನಂಗೆ ಪೋಕರ್‌ನ ಓನಾಮಾನೂ ಗೊತ್ತಿಲ್ಲ. ಇಲ್ನೋಡಿ, ಇವನ ಹತ್ರ ಎರಡು ರಾಣಿ ಇದೆ. ಆದ್ರೂ ಯಾಕೆ ಎಲೆ ಕೆಳಗಿಟ್ಟು ಎದ್ದು ಹೋದ?"

"ಎದುರಿನವನು ಇಷ್ಟೊತ್ತು ಸುಮ್ಮನಿದ್ದು ಈಗ ತಟ್ಟನೆ ಪಣ ಏರಿಸಿದ್ದಾನೆ. ಅವನ ಹತ್ರ ಎಕ್ಕದ ಜೋಡಿ ಇದೆ."

"ನೀವು ನೋಡಿದ್ರಾ?"

"ನೋಡ್ಬೇಕಾಗಿಲ್ಲ. ಆಡೋ ರೀತಿನೇ ಹೇಳುತ್ತೆ."

"ಪಾಪ, ರಾಣಿಯರು," ಎಂದಳು ಅವಳು, ನಿಜವಾಗಿಯೂ ಬೇಜಾರಾದವಳಂತೆ.

ಅವನು ನಕ್ಕುಬಿಟ್ಟ. ಬಹಳ ದಿನಗಳಿಂದ ಬಳಸದ ನಗು, ಸ್ವಲ್ಪ ಒರಟಾಗಿ ಬಂತು. ಕ್ಷಮಿಸಿ, ಇನ್ನೊಂದು ಸಲ ಹೇಳ್ತೀನಿ ಎಂದು ಅವನು ಅನ್ನುವ ಮೊದಲೇ ಅವಳು ಕೈ ಎತ್ತಿದಳು. "ಇರ್ಲಿ. ಅದನ್ನ ಅಳಿಸಲ್ಲ."

ಅಲ್ಲಿಂದ ಪಾಠದ ಬಣ್ಣವೇ ಬದಲಾಯಿತು. ಅವನು ಅವಳಿಗೆ ಹೇಳುತ್ತ ಹೋದ. ಹುಬ್ಬು ಗಂಟಿಕ್ಕಿದರೆ ಇನ್ನೊಂದು ಸಲ ಬಿಡಿಸಿ ಹೇಳಿದ, ಕಣ್ಣರಳಿದರೆ ಮುಂದಕ್ಕೆ ಹೋದ. ಲಾರಿ ಹಾರ್ನ್ ಹೊಡೆದರೆ, ಪಕ್ಕದ ಮನೆಯ ಮಿಕ್ಸಿ ಕಿರುಚಿದರೆ, ಅವಳು ಬೆರಳೆತ್ತಿ ನಿಲ್ಲಿಸುತ್ತಿದ್ದಳು. ಸದ್ದು ಹಾದುಹೋಗುವವರೆಗೆ ಇಬ್ಬರೂ ಸುಮ್ಮನೆ ಕೂರಬೇಕು. ಆಗ ಅವಳು ಅವನನ್ನು ನೋಡುತ್ತಿದ್ದಳು, ಅವನು ನೋಡಿದ ಕೂಡಲೇ ಸದ್ದಳೆಯುವ ಮೀಟರಿನ ಮುಳ್ಳನ್ನು ನೋಡುತ್ತಿದ್ದಳು. ಊರಿನ ಲಾರಿಗಳೆಲ್ಲ ಇದೇ ಬೀದಿಗೆ ಬರಲಿ ಎಂದು ಅವನು ಒಳಗೊಳಗೇ ಹಾರೈಸತೊಡಗಿದ.

ಫ್ರಿಜ್ ಗುಂಯ್‌ಗುಡುತ್ತದೆಂದು ರೆಕಾರ್ಡಿಂಗ್‌ಗೆ ಮುಂಚೆ ಅದರ ಸ್ವಿಚ್ ಆರಿಸುತ್ತಿದ್ದರು. ಒಂದು ದಿನ ಮತ್ತೆ ಹಾಕುವುದನ್ನು ಇಬ್ಬರೂ ಮರೆತರು. ಸಂಜೆ ಅಕ್ಕ ಒಡೆದ ಹಾಲಿನ ಪಾತ್ರೆ ಹಿಡಿದು ಬಾಗಿಲಿಗೆ ಬಂದು ನಿಂತಳು.

"ಪಾಠ ನಡೆದಿದ್ದು ಊಟದವರೆಗೆ. ಆಮೇಲೆ ಇಷ್ಟು ಹೊತ್ತು ಏನು ಮಾಡ್ತಿದ್ರಿ?"

"ಸೌಂಡ್ ಚೆಕ್," ಎಂದರು ಇಬ್ಬರೂ ಒಟ್ಟಿಗೇ.

ಅಕ್ಕ ಪಾತ್ರೆಯನ್ನು ನೋಡಿದಳು, ಅವರಿಬ್ಬರನ್ನು ನೋಡಿದಳು, ಅಡುಗೆಮನೆಗೆ ವಾಪಸಾದಳು. ಅವತ್ತು ಊಟದ ಹೊತ್ತಿಗೆ ಫೋನ್ ತೆಗೆದು ಹೊಸ ವಿಡಿಯೋ ಕೆಳಗೆ ಶಿಷ್ಯರು ಬರೆದದ್ದನ್ನು ತಮ್ಮನಿಗೆ ಕೇಳುವಂತೆ ಓದಿದಳು. "'ಮೇಷ್ಟ್ರು ಯಾರಿಗೋ ತುಂಬ ಮುದ್ದಾಗಿ ಪಾಠ ಹೇಳ್ತಿದ್ದಾರೆ.' ಇನ್ನೊಬ್ಬ ಕೇಳಿದ್ದಾನೆ, 'ಮೇಷ್ಟ್ರಿಗೆ ಮದುವೆ ಆಯ್ತಾ?' ಏನಂತ ಉತ್ತರ ಬರೀಲಿ?"

"ಊಟ ಮಾಡಕ್ಕ."

"ಲೋ, ನಾಲಿಗೆನ ಬಾಡಿಗೆಗೆ ಕೊಟ್ಟಿದ್ದೀಯಾ? ಅವಳಿಗೆ ಹೇಳೋ."

ಹೇಳುವುದು ಏನನ್ನ? ಅವನ ಒದ್ದಾಟವೇ ಅದು. ಎಲ್ಲರ ಮನಸ್ಸು ಓದುವ ಅವನಿಗೆ ಇವಳೊಬ್ಬಳು ಓದಲು ಸಿಗುತ್ತಿರಲಿಲ್ಲ. ಹೆಡ್‌ಫೋನ್ ಹಾಕಿಕೊಂಡು ಅವಳು ಕಣ್ಣು ಮುಚ್ಚಿ ನಗುವಾಗ ಆ ನಗು ಯಾರಿಗೆ? ತನಗೋ, ಚೆನ್ನಾಗಿ ಬಂದ ಸದ್ದಿಗೋ? ಕೂತರೆ ನಿಲ್ಲುವ ಹಾಗಾಗುತ್ತಿತ್ತು, ನಿಂತರೆ ಬಾಗಿಲ ತನಕ ಹೋಗಿ ಬರುವ ಹಾಗಾಗುತ್ತಿತ್ತು. ಬೆಳಿಗ್ಗೆ ಅವಳ ಸ್ಕೂಟರಿನ ಸದ್ದು ಕೇಳುವವರೆಗೆ ಪೇಪರಿನ ಒಂದೇ ಸಾಲನ್ನು ಮತ್ತೆ ಮತ್ತೆ ಓದುತ್ತಿದ್ದ.

ಕೊನೆಯ ಪಾಠದ ದಿನ ಬಂದೇಬಿಟ್ಟಿತು. ಅವಳು ಮೈಕಿನ ತಿರುಪು ಬಿಗಿ ಮಾಡುತ್ತ, ಮಾಮೂಲಿ ವಿಷಯವೆಂಬಂತೆ ಹೇಳಿದಳು.

"ಹಕ್ಕಿಗಳ ಮೇಲೆ ಒಂದು ಸಾಕ್ಷ್ಯಚಿತ್ರ ಮಾಡ್ತಿದ್ದಾರೆ. ಸೌಂಡ್‌ಗೆ ನನ್ನನ್ನ ಕರೆದಿದ್ದಾರೆ. ದೂರದ ಕಾಡು. ಹೋದ್ರೆ ವರ್ಷದ ಮೇಲಾಗುತ್ತೆ ಬರೋದು. ಇವತ್ತು ಸಂಜೆ ಹೇಳ್ಬೇಕು."

ಕಣ್ಣೆತ್ತಿ ನೋಡಿದರೆ ಬಾಯಿಗೆ ಏನು ಬಂದೀತೋ ಎಂದು ಹೆದರಿ ಪರದೆಯ ಮೇಲಿನ ಎಲೆಗಳನ್ನೇ ದಿಟ್ಟಿಸಿದ. ಅವಳ ಕೆಲಸ, ಅವಳ ಬದುಕು. ಅಡ್ಡ ಬರಲು ತಾನ್ಯಾರು?

"ಒಳ್ಳೆ ಅವಕಾಶ," ಎಂದ. ದನಿ ಚೂರೂ ಅಲುಗಲಿಲ್ಲ.

"ಹೌದಲ್ವಾ?" ಎಂದಳು ಅವಳು. ಹೆಡ್‌ಫೋನ್ ಏರಿಸಿಕೊಂಡು, "ಶುರು ಮಾಡೋಣ" ಎಂದಳು.

ಗೆಲ್ಲುವ ಎಲೆ ಕೈಯಲ್ಲಿದ್ದರೂ ಎದುರಿನವರ ಧೈರ್ಯಕ್ಕೆ ಹೆದರಿ ಕೆಳಗಿಟ್ಟುಬಿಡುವ ತಪ್ಪಿನ ಬಗ್ಗೆ ಅಂದಿನ ಪಾಠ. ಅವನು ನಾಲ್ಕು ಮಾತು ಆಡಿರಲಿಲ್ಲ, ಅವಳು ನಿಲ್ಲಿಸಿದಳು. "ಏನೋ ಧಪಧಪ ಅಂತಿದೆ."

ಕೇಬಲ್ ಬಿಚ್ಚಿ ಹಾಕಿದಳು. ಮತ್ತೆ ಶುರು. ಮತ್ತೆ ಧಪಧಪ. ಸ್ಟ್ಯಾಂಡಿನ ಕೆಳಗೆ ಟವೆಲ್ ಮಡಚಿಟ್ಟಳು. ಕಂಬಳಿ ಸರಿಸಿ ಬೀದಿ ನೋಡಿದಳು. ಅಕ್ಕನನ್ನು ಕರೆದು ಮೇಲಿನ ಮನೆಯಲ್ಲಿ ಏನಾದರೂ ಕುಟ್ಟುತ್ತಿದ್ದಾರಾ ಎಂದು ಕೇಳಿದಳು. ಯಾರೂ ಏನೂ ಕುಟ್ಟುತ್ತಿರಲಿಲ್ಲ. ಮತ್ತೊಮ್ಮೆ ಶುರು ಮಾಡಿ, ಕಣ್ಣು ಮುಚ್ಚಿ ಕೇಳಿಸಿಕೊಂಡು, ಆಮೇಲೆ ನಿಧಾನಕ್ಕೆ ಬಗ್ಗಿ ಮೇಜಿನ ಕೆಳಗೆ ನೋಡಿದಳು.

"ಮೇಷ್ಟ್ರೇ, ಕಾಲು."

"ಏನಾಯ್ತು ಕಾಲಿಗೆ?"

"ಅಲ್ಲಾಡಿಸ್ತಿದ್ದೀರಿ. ಮೊಣಕಾಲು ಮೇಜಿಗೆ ಹೊಡೀತಿದೆ."

"ಇಲ್ಲವಲ್ಲ," ಎಂದು ಬಗ್ಗಿ ನೋಡಿದ. ಬಲಗಾಲು ಅವನ ಮಾತಿಗೆ ಸೊಪ್ಪೇ ಹಾಕದೆ ತನ್ನಷ್ಟಕ್ಕೆ ಕುಣಿಯುತ್ತಿತ್ತು. ಆನ್‌ಲೈನ್ ಆಟದಲ್ಲಿ ಅದೊಂದು ಅನುಕೂಲ, ಮೇಜಿನ ಕೆಳಗೆ ಏನಾದರೂ ಯಾರಿಗೂ ಕಾಣದು. ಇಲ್ಲಿ ಆ ಅನುಕೂಲ ಇರಲಿಲ್ಲ. ಅವನು ಎರಡೂ ಕೈಯಿಂದ ಮೊಣಕಾಲನ್ನು ಅದುಮಿ ಹಿಡಿದ.

"ಏನಾದ್ರೂ ಹೇಳೋದಿದ್ಯಾ ನಿಮಗೆ?" ಅವಳ ದನಿ ತಗ್ಗಿತ್ತು.

ಇತ್ತು. ತುಟಿಯವರೆಗೂ ಬಂದಿತ್ತು. "ಪಾಠ ಮುಗಿಸೋಣ," ಎಂದ.

ಪಾಠ ಮುಗಿಯಿತು. ಒಂದು ತಪ್ಪಿಲ್ಲ, ಒಂದು ತೊದಲಿಲ್ಲ. ಅವಳು ಕೇಬಲ್ಲುಗಳನ್ನು ಸುತ್ತಿಟ್ಟಳು, ರಜಾಯಿಯನ್ನು ಮಡಚಿ ಅಕ್ಕನ ಕೈಗೆ ಕೊಟ್ಟಳು, ಅಕ್ಕನ ಭುಜ ತಬ್ಬಿ "ಬರ್ತೀನಕ್ಕ" ಎಂದಳು. ಅವನಿಗೆ ತಲೆಯಾಡಿಸಿದಳು. ಬಾಗಿಲು ಮುಚ್ಚಿತು. ಬರಿಗೋಡೆಯ ಕೋಣೆಯಲ್ಲಿ ಅವನೊಬ್ಬನೇ ಉಳಿದ.

"ಹೋಗ್ತಾಳೆ ಕಣೋ," ಎಂದಳು ಅಕ್ಕ ಮೆಲ್ಲಗೆ. ಗೇಲಿ ಇರಲಿಲ್ಲ ಆ ಮಾತಿನಲ್ಲಿ.

ಅವನು ಚಪ್ಪಲಿ ಹಾಕಿಕೊಳ್ಳಲಿಲ್ಲ. ಮೆಟ್ಟಿಲಿಳಿದು ಬೀದಿಗೆ ಬಂದಾಗ ಅವಳು ಹೆಲ್ಮೆಟ್ ಹಾಕಿಕೊಂಡು ಸ್ಕೂಟರಿಗೆ ಬ್ಯಾಗ್ ಕಟ್ಟುತ್ತಿದ್ದಳು. ಎದುರಿನ ಬಸ್ ಸ್ಟಾಪಿನಲ್ಲಿ ಜನ, ಸಿಗ್ನಲಿನಲ್ಲಿ ಸಾಲುಗಟ್ಟಿ ಹಾರ್ನ್ ಹೊಡೆಯುವ ಗಾಡಿಗಳು. ಅವನು ಹತ್ತಿರ ಹೋಗಿ ಏನೋ ಹೇಳಿದ. ಅವನ ಪಾಠದ ದನಿ ಅವನಿಗೇ ಕೇಳಿಸಲಿಲ್ಲ. ಅವಳು ಅಭ್ಯಾಸಬಲದಿಂದ ಬೆರಳೆತ್ತಿದಳು, ಸದ್ದು ಹೋಗಲಿ ಎಂದು.

ಕಾಯುವ ವ್ಯವಧಾನ ಅವನಲ್ಲಿ ಉಳಿದಿರಲಿಲ್ಲ.

"ನಂಗೆ ನೀವು ಬೇಕು," ಎಂದು ಕೂಗಿದ. ಕೂಗಿ ಅಭ್ಯಾಸವಿಲ್ಲದ ಗಂಟಲು ಒಡೆಯಿತು. "ಕಾಡಿಗೆ ಹೋಗಿ, ಬೇಡ ಅನ್ನಲ್ಲ. ವರ್ಷ ಆಗ್ಲಿ, ಎರಡಾಗ್ಲಿ. ಆದ್ರೆ ಇವನಿಗೆ ಏನೂ ಅನ್ನಿಸಲಿಲ್ಲ ಅಂದ್ಕೊಂಡು ಹೋಗ್ಬೇಡಿ. ನೀವು ಎದುರಿಗೆ ಕೂರದಿದ್ರೆ ನಂಗೆ ಮಾತೇ ಬರಲ್ಲ."

ಬಸ್ ಸ್ಟಾಪ್ ಇಡೀ ಇತ್ತ ತಿರುಗಿತು. ಚೀಲ ಹಿಡಿದ ಅಜ್ಜಿಯೊಬ್ಬರು, "ಕೊನೇದು ಸರಿಯಾಗಿ ಕೇಳಿಸ್ಲಿಲ್ಲಪ್ಪ" ಎಂದರು.

ಅವಳು ಹೆಲ್ಮೆಟ್ ತೆಗೆದಳು. "ನಾನು ಎಲ್ಲಿಗೂ ಹೋಗ್ತಿಲ್ಲ."

"ಏನು?"

"ಆ ಕೆಲಸ ಬೇಡ ಅಂತ ಹೋದ ವಾರಾನೇ ಹೇಳಿದ್ದೆ. ನಮ್ಮಲ್ಲಿ ಇನ್ನೊಬ್ರು ಹೋಗ್ತಿದ್ದಾರೆ."

"ಮತ್ತೆ ಬೆಳಿಗ್ಗೆ ಹೇಳಿದ್ದು?"

"ಸುಳ್ಳು. ಏನಾದ್ರೂ ಅಂತೀರೇನೋ ಅಂತ. ನೀವು 'ಒಳ್ಳೆ ಅವಕಾಶ' ಅಂದ್ರಿ." ಅವಳು ಹೆಲ್ಮೆಟನ್ನು ಸೀಟಿನ ಮೇಲೆ ಕುಕ್ಕಿದಳು. "ಪ್ರಪಂಚದೋರ ಮನಸ್ಸೆಲ್ಲ ಓದ್ತೀರಿ. ನಂಗೆ ಸುಳ್ಳು ಹೇಳೋಕೆ ಬರಲ್ಲ, ತಿರುಪು ಉಲ್ಟಾ ತಿರುಗಿಸ್ತಿದ್ದೆ. ಅಷ್ಟೂ ಗೊತ್ತಾಗ್ಲಿಲ್ವಾ ನಿಮಗೆ?"

ಗೊತ್ತಾಗಿರಲಿಲ್ಲ. ಅನಾಮಿಕ ಆಟಗಾರರ ಬಣ್ಣ ಬಯಲು ಮಾಡಿದವನು ಎದುರಿಗೆ ಕೂತವಳ ಕೈಯಲ್ಲಿ ಹೀಗೆ ಸೋತಿದ್ದ. ಅವನಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಹಾಯೆನಿಸಿತು.

"ನಾನು ನಿಮ್ಮ ಮುಖ ನೋಡಿರ್ಲಿಲ್ಲ," ಎಂದ. "ನೋಡಿದ್ರೆ ಹೋಗ್ಬೇಡಿ ಅಂದ್ಬಿಡ್ತೀನಿ ಅಂತ ಭಯ."

"ನಂಗೂ ನೀವೇ ಬೇಕು," ಎಂದಳು ಅವಳು, ಕಣ್ಣೊರೆಸಿಕೊಳ್ಳುತ್ತ. "ಈಗಾದ್ರೂ ನೋಡಿ."

ಅವನು ನೋಡಿದ. ಬಸ್ಸು ಬಂತು, ಅಜ್ಜಿಯನ್ನು ಬಿಟ್ಟು ಮಿಕ್ಕವರೆಲ್ಲ ಹತ್ತಿದರು, ಬಸ್ಸು ಹೋಯಿತು. ಅವನು ಇನ್ನೂ ನೋಡುತ್ತಲೇ ಇದ್ದ.