ಸುಮ್ಮನೆ ಕೊಟ್ಟ ದಿನಗಳು

ಬಹಳ ಹಿಂದೆ, ಕಲ್ಲಿಗೂ ಬಾಯಿ ಇದ್ದ ಕಾಲದಲ್ಲಿ, ಹೂಬಿಸಿಲದುರ್ಗ ಅಂತ ಒಂದು ರಾಜ್ಯ ಇತ್ತು. ಅಲ್ಲಿನ ರಾಣಿ ಪುಟ್ಟಾಜಮ್ಮಣ್ಣಿಗೆ ಮೂವತ್ತು ವರ್ಷ. ಆ ಮೂವತ್ತು ತುಂಬಿ ನಲವತ್ತು ವರ್ಷವಾಗಿತ್ತು, ಆದರೂ ಮೂವತ್ತೇ. ಮೊಮ್ಮಗನಿಗೆ ಮೀಸೆ ಬಂದು ಗಡ್ಡ ಬಂತು, ಅಜ್ಜಿಯ ಕೆನ್ನೆ ಮಾತ್ರ ಆಗತಾನೆ ಕಡೆದ ಬೆಣ್ಣೆ. ಊರಿನ ಹೆಂಗಸರು ಎದುರಿಗೆ ಕೈ ಮುಗಿಯುತ್ತಿದ್ದರು, ಬೆನ್ನು ತಿರುಗಿದ ಕೂಡಲೇ ಬಾಯಿಗೆ ಸೆರಗು ಹಿಡಿದು ಕಣ್ಣಲ್ಲೇ ಮಾತಾಡಿಕೊಳ್ಳುತ್ತಿದ್ದರು. ಆಡದೆ ಏನು ಮಾಡುತ್ತಾರೆ, ಅವರ ಕೆನ್ನೆಗೂ ಕನ್ನಡಿ ಇತ್ತಲ್ಲ!

ಆ ರಾಣಿಯ ತಲೆ ಬಾಚುವ ಕೆಲಸ ತಿಮ್ಮಾಜಿಯದು. ತಿಮ್ಮಾಜಿಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಸಂಪಿ, ಗಡಿಯೂರಿಗೆ ಮದುವೆಯಾಗಿ ಹೋಗಿದ್ದಳು. ಚಿಕ್ಕವಳು ಪದುಮಿ, ಹದಿನೈದು ತುಂಬಿತ್ತು. ತುಂಬಿದ್ದೇ ತಪ್ಪಾಯಿತು. ಗಂಡಸರ ಮಾತಿನ ಮಧ್ಯೆ ಕೂತರೆ "ದೊಡ್ಡವಳಾದೆ, ಒಳಗೆ ನಡಿ" ಅನ್ನುತ್ತಿದ್ದರು. ಪಕ್ಕದ ಮನೆ ಕೂಸನ್ನು ಎತ್ತಿಕೊಂಡರೆ "ನೀನಿನ್ನೂ ಚಿಕ್ಕವಳು, ಬೀಳಿಸಿಬಿಟ್ಟೀಯ" ಅನ್ನುತ್ತಿದ್ದರು. ಹಾಗಾದರೆ ನಾನು ಯಾರು ಅಂತ ಪದುಮಿಗೆ ತಿಳಿಯುತ್ತಿರಲಿಲ್ಲ.

ಇದು ಸಾಲದು ಅಂತ ಶಾಲೆ ಬೇರೆ. ಆ ರಾಜ್ಯದಲ್ಲಿ ಹದಿನೈದು ತುಂಬಿದವರು ಬೇಸಿಗೆ ಮುಗಿದ ಮೇಲೆ, ಕಾರಹುಣ್ಣಿಮೆಯ ಮಾರನೆಯ ದಿನ, ಆನೆಬಾಗಿಲ ಶಾಲೆಗೆ ಸೇರಬೇಕು. ಬಾಗಿಲಲ್ಲಿ ಒಂದು ಕಲ್ಲಾನೆ. ಅದು ಸೊಂಡಿಲು ಅಡ್ಡ ಇಟ್ಟು "ಏನು ಕಲೀತೀಯಾ?" ಅಂತ ಕೇಳುತ್ತಿತ್ತು. ಒಳಗೆ ಹೋದರೆ ಮುಗಿಯಿತು. ಬೆಳಿಗ್ಗೆ ಗಣಿತ, ಮಧ್ಯಾಹ್ನ ಗಿಡಮೂಲಿಕೆ, ಸಂಜೆ ಶಾಸನ ಓದುವುದು, ಒಂದು ವರ್ಷ ಮನೆಯ ಮುಖ ನೋಡುವ ಹಾಗಿಲ್ಲ. ಹಾಲಿನವಳಿಂದ ಹಿಡಿದು ಅರಮನೆಯ ದೀಪದವನವರೆಗೆ ಎಲ್ಲರೂ ಕೇಳುವವರೇ, "ಏನು ಕಲೀತೀಯೇ ಪದುಮಿ?" ಪದುಮಿಗೆ ಸೋಮವಾರ ವೈದ್ಯ ಕಲಿಯಬೇಕು ಅನ್ನಿಸುತ್ತಿತ್ತು, ಮಂಗಳವಾರ ಶಿಲ್ಪ. ಬುಧವಾರ ಏನೂ ಬೇಡ, ಕೆರೆಯಲ್ಲಿ ಮೀನಾಗಿದ್ದರೆ ಸಾಕು ಅನ್ನಿಸುತ್ತಿತ್ತು.

ಅವಳ ಬೇಸಿಗೆ ಹೀಗೆ ಹೋಗುತ್ತಿತ್ತು: ಬಿಸಿಲು ಕಾಲಿಗೆ ಬಂದು ಸುಟ್ಟಾಗ ಏಳುವುದು, ಕೆರೆಗೆ ಹೋಗಿ ಈಜುವುದು, ಮಾವಿನಕಾಯಿಗೆ ಉಪ್ಪುಖಾರ ಹಚ್ಚಿ ಹಲ್ಲು ಚುಳ್ಳೆನ್ನುವ ತನಕ ತಿನ್ನುವುದು, ಆಮೇಲೆ ಮಾಳಿಗೆ ಹತ್ತಿ ಸಂಡಿಗೆ ಕಾಯುವುದು. ಕಾಯುವುದು ಅಂದರೆ ಕಾಗೆಗೂ ಅವಳಿಗೂ ಸಮಪಾಲು.

ಒಂದು ಮಧ್ಯಾಹ್ನ ಅವಳು ಹಾಗೆ ಕೂತಿದ್ದಾಗ ಬೀದಿಯಲ್ಲಿ ಒಬ್ಬ ಚಾಪೆ ಮಾರುವವನು ಬಂದ. ಉದ್ದ ಗಡ್ಡ, ಕಂಕುಳಲ್ಲಿ ಸುರುಳಿ ಸುತ್ತಿದ ಚಾಪೆಗಳು. ತಲೆಯೆತ್ತಿ ಕೇಳಿದ, "ಏನು ಮಾಡ್ತಿದ್ದೀಯಾ ಮಗಳೇ?"

"ಏನಿಲ್ಲ ತಾತ, ಸುಮ್ಮನೆ ಕೂತಿದ್ದೀನಿ."

"ಪಾಪ, ಹೊತ್ತು ಹೋಗ್ತಿಲ್ಲವಾ? ಈ ದಿನ ನಿನಗೆ ಬೇಡದಿದ್ದರೆ ನನಗೆ ಕೊಡ್ತೀಯಾ?"

ದಿನವನ್ನು ಯಾರಾದರೂ ಕೇಳುತ್ತಾರಾ! ಪದುಮಿಗೆ ನಗು ಬಂತು. "ಅದಕ್ಕೇನಂತೆ, ಸುಮ್ಮನೆ ತಗೋ. ದಿನಾ ಬಂದು ತಗೋ" ಅಂದಳು.

ಅವನು ಬಿಸಿಲಿನ ಅಂಚು ಹಿಡಿದು ಆ ಮಧ್ಯಾಹ್ನವನ್ನು ಚಾಪೆಯ ಹಾಗೆ ಸುರುಳಿ ಸುತ್ತಿದ. ಗಾಳಿಯಲ್ಲಿದ್ದ ಅವಳ 'ಸುಮ್ಮನೆ'ಯನ್ನು ಹಗ್ಗ ಮಾಡಿ ಬಿಗಿಯಾಗಿ ಕಟ್ಟಿದ. ಪದುಮಿ ಕಣ್ಣು ಮಿಟುಕಿಸಿದಾಗ ಸಂಜೆಯಾಗಿತ್ತು, ಸಂಡಿಗೆ ಒಂದೂ ಇರಲಿಲ್ಲ.

ಅವನು ಸುರುಳಿಸಿದ್ದ ಅನ್ನುವ ಮಾಂತ್ರಿಕ. ದಿನಾ ಬಂದ, ದಿನಾ ಸುತ್ತಿಕೊಂಡು ಹೋದ. ಪದುಮಿ ಏಳುವುದು, ಮಾಳಿಗೆ ಹತ್ತುವುದು, ಅಷ್ಟರಲ್ಲಿ ಕತ್ತಲೆ. ಬೇಸಿಗೆ ಇಷ್ಟು ಬೇಗ ಹೋಗುತ್ತದಾ ಅಂತ ತಲೆ ಕೆರೆದುಕೊಂಡಳು. ಅವಳೊಬ್ಬಳೇ ಅಲ್ಲ, ಊರಿನ ಹರೆಯದ ಮಕ್ಕಳೆಲ್ಲ ಜಗಲಿಗಳ ಮೇಲೆ ಕಂಬದ ಹಾಗೆ ಕೂತಿರುತ್ತಿದ್ದರು. ದೊಡ್ಡವರು "ಈಗಿನ ಮಕ್ಕಳೇ ಹೀಗೆ" ಅಂದು ಬೈದು ಸುಮ್ಮನಾದರು.

ಕಾರಹುಣ್ಣಿಮೆಯ ಹಿಂದಿನ ರಾತ್ರಿ ತಿಮ್ಮಾಜಿ ಮಗಳ ಮುಂದೆ ಊಟದ ತಟ್ಟೆ ಕುಕ್ಕಿದಳು. "ಕಲ್ಲುಮನಸ್ಸಿನವಳೇ! ಹೋದ ವಾರ ಅಕ್ಕ ಬಂದಳಲ್ಲ, ಒಂದು ಮಾತಾದರೂ ಆಡಿದೆಯಾ?"

"ಅಕ್ಕ ಬಂದಿದ್ದಳಾ? ಯಾವಾಗ?"

"ನೋಡು ಇವಳ ನಾಟಕ! ಮಾಳಿಗೆ ಮೇಲೆ ನಿನ್ನ ಪಕ್ಕದಲ್ಲೇ ಸಂಜೆತನಕ ಕೂತಿದ್ದಳು. ನೀನು ಮುಖ ಕೂಡ ತಿರುಗಿಸಲಿಲ್ಲ. ಅತ್ತುಕೊಂಡು ಗಾಡಿ ಹತ್ತಿದಳು."

"ಯಾಕೆ ಬಂದಿದ್ದಳಮ್ಮಾ?"

"ಪದುಮಿಗೆ ಮಾತ್ರ ಹೇಳ್ತೀನಿ ಅಂದಳು. ನನಗೇನು ಗೊತ್ತು?"

ಬೀದಿಗೆ ಮಾತ್ರ ಎಲ್ಲ ಗೊತ್ತಿತ್ತು. ಅತ್ತೆ ಹೊರಗೆ ಹಾಕಿದಳು ಅಂತ ಮೇಲುಗೇರಿಯಲ್ಲಿ, ಗಂಡ ಇನ್ನೊಬ್ಬಳನ್ನು ತಂದ ಅಂತ ಕೆಳಗೇರಿಯಲ್ಲಿ. ಬಾವಿಕಟ್ಟೆಯಲ್ಲಿ ಎರಡೂ ಸೇರಿ ಆ ಇನ್ನೊಬ್ಬಳಿಗೆ ಹೆಸರೂ ಇಟ್ಟಾಗಿತ್ತು.

 ನಾಡಿದ್ದೇ ಶಾಲೆ, ಆಮೇಲೆ ಒಂದು ವರ್ಷ ಅಕ್ಕನ ಮುಖವಿಲ್ಲ. ಆಗ ಪದುಮಿಗೆ ಚಾಪೆಯವನು ನೆನಪಾದ. ತಾಯಿಗೆ ಎಲ್ಲ ಹೇಳಿದಳು. ತಿಮ್ಮಾಜಿ ಹಣೆ ಹಣೆ ಬಡಿದುಕೊಂಡಳು.

"ಅಯ್ಯೋ! ಅರಮನೆ ಹಿಂದಿನ ಗವಿಯಿಂದ ರಾಣಿ ಕೋಣೆಗೆ ದಿನಾ ಚಾಪೆ ಬರುತ್ತೆ ಕಣೇ. ಹಾಸೋಕೆ ಜಾಗ ಇಲ್ಲ, ಆದರೂ ಬರುತ್ತೆ. ಇಪ್ಪತ್ತು ವರ್ಷದಿಂದ ಬಾಚ್ತಿದ್ದೀನಿ, ಒಂದು ಬಿಳಿಕೂದಲು ಸಿಕ್ಕಿಲ್ಲ. ಇವರ ಹರೆಯ ನಿಮ್ಮ ಬೇಸಿಗೆಯಾ! ಆದರೆ ಆ ಗವಿಗೆ ಹೋಗಬೇಡ. ಕುಂಬಾರರ ಕಾಳಿಂಗ ಹೋಗಿದ್ದ, ಅಲ್ಲಿನ ಹುಲಿ ಅವನು ಬಂದ ಕಾರಣವನ್ನೇ ತಿಂದುಬಿಡ್ತು. ಇವತ್ತಿಗೂ ಬೀದಿಯಲ್ಲಿ ನಿಂತು, ನಾನು ಎಲ್ಲಿಗೆ ಹೊರಟಿದ್ದೆ ಅಂತ ಕಂಡವರನ್ನೆಲ್ಲ ಕೇಳ್ತಾನೆ."

ಪದುಮಿ ಕೇಳಲಿಲ್ಲ. ಕಾರಹುಣ್ಣಿಮೆಯ ಬೆಳಿಗ್ಗೆ ಹೊರಟೇಬಿಟ್ಟಳು.

ಗವಿಯ ಮೊದಲ ಬಾಗಿಲಲ್ಲಿ ಹುಲಿ. ನಾಲಿಗೆ ಸವರಿಕೊಂಡು ಕೇಳಿತು, "ಯಾಕೆ ಬಂದೆ?"

ಪದುಮಿ ಯೋಚಿಸಿದಳು. ದಿನ ಕೇಳೋಕೆ ಬಂದೆನಾ? ಅಕ್ಕನಿಗಾಗಿಯಾ? ಶಾಲೆಯ ಭಯಕ್ಕಾ? ಅಮ್ಮ ಬೈದಳು ಅಂತಲಾ? ಎಲ್ಲವೂ ಒಂದರ ಮೇಲೊಂದು ಬಿದ್ದವು. ಬಾಯಿಗೆ ಬಂದದ್ದು ಒಂದೇ, "ಸುಮ್ಮನೆ."

ಹುಲಿ ಆ ಮಾತನ್ನು ಮೂಸಿತು. ತಿನ್ನಲು ಅದರಲ್ಲಿ ಕಾರಣದ ಚೂರೂ ಇರಲಿಲ್ಲ. ಆಕಳಿಸಿ ಮಗ್ಗುಲಾಯಿತು.

ಎರಡನೆಯ ಬಾಗಿಲಲ್ಲಿ ಹೊಂಡ, ಹೊಂಡದಲ್ಲಿ ಮೊಸಳೆ. "ಎಲ್ಲಿಗೆ?" ಅಂತ ಕೇಳಿತು. ಎಲ್ಲಿಗೆ ಅಂತ ಹೇಳಿದವರನ್ನು ಅಲ್ಲಿಗೆ ಮುಟ್ಟಿಸದೆ ಮುಳುಗಿಸುವುದೇ ಅದರ ಕೆಲಸ.

"ಹೊರಟವರನ್ನ ಎಲ್ಲಿಗೆ ಅಂತ ಕೇಳ್ತಾರಾ? ನಿಮ್ಮ ಮನೆಯಲ್ಲಿ ಯಾರೂ ಹೇಳಿಕೊಟ್ಟಿಲ್ಲವಾ?" ಅಂದಳು ಪದುಮಿ, ತಾಯಿಯದೇ ಗಂಟಲಲ್ಲಿ. "ಇಲ್ಲೇ, ಸುಮ್ಮನೆ."

ಮೊಸಳೆಗೆ ನಾಚಿಕೆಯಾಯಿತು. ಅವಳು ಅದರ ಬೆನ್ನು ತುಳಿದುಕೊಂಡು ದಾಟಿದಳು.

ಮೂರನೆಯ ಬಾಗಿಲಲ್ಲಿ ಬರೀ ಒಂದು ಗಿಣಿ. ಅದೇ ಎಲ್ಲಕ್ಕಿಂತ ಕಷ್ಟ. "ಏನು ಕಲೀತೀಯಾ? ನಿನ್ನ ಓರಗೆಯವರೆಲ್ಲ ತೀರ್ಮಾನ ಮಾಡಿದರಂತೆ? ನೀನ್ಯಾಕೆ ಇಷ್ಟು ಕಪ್ಪಗಾದೆ? ಮದುವೆ ಯಾವಾಗ? ನಿಮ್ಮಕ್ಕನ್ನ ಬಿಟ್ಟುಬಿಟ್ಟನಂತೆ, ಹೌದಾ?" ಉತ್ತರ ಹುಡುಕುತ್ತ ನಿಂತವರು ಅಲ್ಲೇ ನಿಂತು ಮೂಳೆಯಾಗಿದ್ದರು. ಪದುಮಿಯ ಕಣ್ಣಿಗೂ ಕತ್ತಲೆ ಬಂತು, ಕಾಲು ನೆಲಕ್ಕೆ ಅಂಟಿತು. ಆದರೆ ಅಕ್ಕನ ಸುದ್ದಿ ಬಂದಾಗ ಸಿಟ್ಟು ನೆತ್ತಿಗೇರಿತು.

"ಸುಮ್ಮನಿರು!" ಅಂತ ಕಿರುಚಿದಳು.

ಗಿಣಿಯ ಕೊಕ್ಕು ಟಪ್ಪೆಂದು ಮುಚ್ಚಿಕೊಂಡಿತು. ಬಾಗಿಲು ತೆರೆಯಿತು.

ಒಳಗೆ ನೆಲದಿಂದ ಸೂರಿನ ತನಕ ಚಾಪೆಯ ಸುರುಳಿಗಳು. ಮಧ್ಯದಲ್ಲಿ ಸುರುಳಿಸಿದ್ದ. ಅವನ ಪಕ್ಕ, ಯಾರದೋ ಮಗುವಿನ ಮಧ್ಯಾಹ್ನ ಹಾಸಿಕೊಂಡು, ಕಾಲು ಚಾಚಿ, ಕಡಲೇಕಾಯಿ ಬಿಡಿಸಿ ತಿನ್ನುತ್ತ ಸಾಕ್ಷಾತ್ ಮಹಾರಾಣಿ! ಸಿಪ್ಪೆಯೆಲ್ಲ ಮಡಿಲಲ್ಲಿ.

"ತಿಮ್ಮಾಜಿ ಮಗಳಲ್ಲವೇನೇ ನೀನು?" ರಾಣಿ ಗಡಬಡಿಸಿ ಸೆರಗು ಎಳೆದುಕೊಂಡಳು. "ನಾನು... ಗಾಳಿಗೆ ಅಂತ ಬಂದಿದ್ದೆ."

"ನನ್ನ ದಿನ ಕೊಡು ತಾತ" ಅಂದಳು ಪದುಮಿ.

ಸುರುಳಿಸಿದ್ದ ಗಡ್ಡ ಅಲ್ಲಾಡಿಸಿ ನಕ್ಕ. "ನಾನು ಕದ್ದೆನಾ? ಕಿತ್ತುಕೊಂಡೆನಾ? ನೀನೇ ಅಂದೆ, ಸುಮ್ಮನೆ ತಗೋ ಅಂತ. ನಿನ್ನ ಮಾತೇ ಹಗ್ಗ ಆಗಿದೆ ನೋಡು. ಕೊಟ್ಟವರು ಬಿಚ್ಚದೆ ಅದು ಬಿಚ್ಚೋದಿಲ್ಲ, ಬಿಚ್ಚೋದು ಹೇಗೆ ಅಂತ ಅವರಿಗೇ ಗೊತ್ತಿಲ್ಲ. ಅಂದೆಯೋ ಇಲ್ಲವೋ?"

ಪದುಮಿ ಆ ಮಧ್ಯಾಹ್ನವನ್ನು ನೆನಪಿಸಿಕೊಂಡಳು. ಅಂದದ್ದು ನಿಜ. ಆದರೆ ಕೊಡಬೇಕು ಅಂತ ಅಂದದ್ದಲ್ಲ. ನಗು ಬಂತು, ಅಂದೆ. ಅಷ್ಟೇ. ಇದನ್ನು ಹೇಗೆ ಹೇಳುವುದು? ತಪ್ಪು ಮಾಡಿದ ಮಕ್ಕಳೆಲ್ಲ ಹೇಳುವ ಹಾಗೆ, ಕಾಲ್ಬೆರಳಲ್ಲಿ ನೆಲ ಕೆರೆಯುತ್ತ ಹೇಳಿದಳು.

"ಅಯ್ಯೋ ತಾತ, ನಾನು ಅಂದಿದ್ದು ಸುಮ್ಮನೆ!"

ಗವಿಯೊಳಗೆ ಒಂದು ಕ್ಷಣ ಗಾಳಿ ನಿಂತಿತು. ಆಮೇಲೆ ಅವಳ ಚಾಪೆಯ ಹಗ್ಗ ಸರಕ್ಕನೆ ಜಾರಿತು. ಅದರ ಪಕ್ಕದ್ದೂ ಜಾರಿತು. ಊರಿನ ಮಕ್ಕಳೆಲ್ಲ ಅಂದಿದ್ದು ಅದೇ ಮಾತು, ಅಂದಿದ್ದೂ ಹಾಗೆಯೇ. ಎಲ್ಲ ಗಂಟುಗಳೂ ಬಿಚ್ಚಿದವು. ಚಾಪೆಗಳು ತಾವಾಗಿಯೇ ಉರುಳಿ, ಬಾಗಿಲು ದಾಟಿ, ಬೆಟ್ಟ ಇಳಿದು ಊರ ಮೇಲೆಲ್ಲ ಬಿಸಿಲಾಗಿ ಹಾಸಿಕೊಂಡವು. ಸುರುಳಿಸಿದ್ದ ಹಿಡಿಯಲು ಓಡಿ, ಖಾಲಿ ಚಾಪೆಯೊಂದರಲ್ಲಿ ಸುತ್ತಿಕೊಂಡು ಬಿದ್ದ. ಎದ್ದಾಗ ಅವನಲ್ಲಿ ಒಂದು ಹನಿ ಮಾಯೆಯೂ ಉಳಿದಿರಲಿಲ್ಲ.

ಇನ್ನು ರಾಣಿ! ನಲವತ್ತು ವರ್ಷ ಒಂದೇ ಸಲ ಮುಖದ ಮೇಲೆ ಬಂದು ಕೂತವು. ಬೆಟ್ಟ ಇಳಿದು ಬಂದವಳನ್ನು ಕಾವಲಿನವನು "ಯಾರಜ್ಜಿ ನೀನು?" ಅಂತ ತಡೆದನಂತೆ. ಬಾವಿಕಟ್ಟೆಯವರಿಗೆ ಆ ವರ್ಷಪೂರ್ತಿ ಬೇರೆ ಸುದ್ದಿ ಬೇಕಾಗಲಿಲ್ಲ.

ಕಾರಹುಣ್ಣಿಮೆಯ ದಿನ ಮುಗಿಯಲೇ ಇಲ್ಲ. ಮಕ್ಕಳ ಮಧ್ಯಾಹ್ನಗಳು ಒಂದಾದ ಮೇಲೆ ಒಂದು ಬರುತ್ತಲೇ ಇದ್ದವು. ಬೀದಿಯಲ್ಲಿ ಕಾಳಿಂಗ "ಹಾಂ, ನನ್ನ ಈಜೋ ದಿನ ವಾಪಸು ಕೇಳೋಕೆ ಹೊರಟಿದ್ದೆ!" ಅಂತ ಕೂಗಿ ಕೆರೆಗೆ ಓಡಿದ. ಪದುಮಿ ಮಾಳಿಗೆ ಹತ್ತಿ ನೋಡಿದರೆ ಸಂಡಿಗೆ ಹಾಗೇ ಇತ್ತು. ಹೋದ ವಾರದ ಆ ಮಧ್ಯಾಹ್ನವೂ ತಿರುಗಿ ಬಂದಿತ್ತು: ಸಂಡಿಗೆಯ ಪಕ್ಕ, ಜಡೆ ಬಿಚ್ಚಿಕೊಂಡು, ಅಕ್ಕ ಸಂಪಿ ಕೂತಿದ್ದಳು.

"ಅಕ್ಕಾ! ಯಾಕೆ ಬಂದೆ? ಅತ್ತೆ ಏನಾದರೂ ಅಂದರಾ? ಭಾವ ಏನಾದರೂ..."

ಅಕ್ಕಪಕ್ಕದ ಮಾಳಿಗೆಗಳಲ್ಲಿ ಬಟ್ಟೆ ಹರವುತ್ತಿದ್ದ ಕೈಗಳೆಲ್ಲ ನಿಂತವು.

"ಅವರೆಲ್ಲ ಒಳ್ಳೆಯವರೇ ಕಣೇ" ಅಂದಳು ಸಂಪಿ. "ಆದರೆ ಅಲ್ಲಿ ಕೂತರೆ ಯಾಕೆ ಕೂತೆ, ಎದ್ದರೆ ಎಲ್ಲಿಗೆ ಹೊರಟೆ. ನಿನ್ನ ಪಕ್ಕ ಒಂದು ಮಧ್ಯಾಹ್ನ ಕೂರಬೇಕು ಅನ್ನಿಸಿತು. ಸುಮ್ಮನೆ."

"ಇಷ್ಟೇನಾ!" ಅಂತ ಪಕ್ಕದ ಮಾಳಿಗೆಯಿಂದ ಯಾರೋ ನಿಟ್ಟುಸಿರು ಬಿಟ್ಟರು.

ಅಕ್ಕತಂಗಿಯರು ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡರು. ಮಾವಿನಕಾಯಿ ತಿಂದರು, ಕಾಗೆಗೂ ಸಂಡಿಗೆ ಹಾಕಿದರು. ಆ ಬಿಸಿಲು ಇಳಿಯಲು ಬಹಳ ಹೊತ್ತು ಹಿಡಿಯಿತು.

ಕೊನೆಗೆ ಶಾಲೆ ತೆರೆಯಿತು. ಕಲ್ಲಾನೆ ಸೊಂಡಿಲು ಅಡ್ಡ ಇಟ್ಟಿತು. "ಏನು ಕಲೀತೀಯಾ?"

"ಇನ್ನೂ ಗೊತ್ತಿಲ್ಲ" ಅಂದಳು ಪದುಮಿ.

ಆನೆ ಕಿವಿ ಬಡಿಯಿತು. "ಮತ್ತೆ ಬಾಗಿಲಲ್ಲಿ ನಿಂತು ಏನು ಮಾಡ್ತೀಯಾ? ಒಳಗೆ ಹೋಗಿ ನೋಡು" ಅಂದು ಸೊಂಡಿಲು ಎತ್ತಿತು.

ರಾಣಿ ಮುದುಕಿಯಾಗಿ, ಮೊಮ್ಮಗನ ಕೈಲಿ ಕಾಲು ಒತ್ತಿಸಿಕೊಂಡು, ಎಲ್ಲರೆದುರೇ ಕಡಲೇಕಾಯಿ ತಿಂದು ಸುಖವಾಗಿದ್ದಳು. ತಿಮ್ಮಾಜಿ ಅವಳ ಬಿಳಿಕೂದಲಿಗೆ ಹರಳೆಣ್ಣೆ ಹಚ್ಚುತ್ತ ಸುಖವಾಗಿದ್ದಳು. ಸಂಪಿ ಬೇಕೆನಿಸಿದಾಗಲೆಲ್ಲ ತಾಯಿಯ ಮನೆಗೆ ಬಂದಳು, ಹೋದಳು. ಸುರುಳಿಸಿದ್ದ ಶಾಲೆಯ ಮುಂದಿನ ಮರದಡಿ ಜೊಂಡಿನ ಚಾಪೆ ಹೆಣೆಯುತ್ತ ಕೂತ. ಮಕ್ಕಳು "ಏನು ಮಾಡ್ತಿದ್ದೀಯಾ ತಾತ?" ಅಂದರೆ ಸುಮ್ಮನೆ ಅನ್ನಲು ಹೆದರಿ, "ಚಾಪೆ ಹೆಣೀತಿದ್ದೀನಪ್ಪಾ, ಚಾಪೆ" ಅನ್ನುತ್ತಿದ್ದ.

ಈ ಕತೆ ಯಾಕೆ ಹೇಳಿದ್ದು ಅಂತ ಕೇಳಬೇಡಿ. ಸುಮ್ಮನೆ.